ದ್ರಾಕ್ಷಿ ಹೊಲದಾಗ ಸೈಕಲ್ ಹೊಡೀಬೇಕಂದ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಾಗ ಫ್ರಾನ್ಸಿನ ಬರ್ಗಂಡಿ ಕಡೆ ದ್ರಾಕ್ಷಿ ಹೊಲದ ನಡುವೆ ಸೈಕಲ್ ಹೊಡೆದ ಬಗ್ಗೆ ಒಂದು ಸಣ್ಣ ಟಿಪ್ಪಣಿ ಬರೆದಿದ್ದೆ, ಕಾರು ಲಾರಿ ಸದ್ದು ಇಲ್ಲದ ದಾರಿ ಅಲ್ಲೆ ದಿನಗಟ್ಟಲೆ ಸಿಗ್ತೈತಿ ಅಂತ ಹೇಳಿದ್ದೆ ಅಷ್ಟ. ಅದಕ್ಕ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡಿಯಿಂದ ಬಂದ ಪ್ರಶ್ನಿ ನೋಡಿ ಭಾಳ ಖುಷಿ ಆತು. ಎಲ್ಲಾದಕ್ಕೂ ಇಲ್ಲೆ ಜಾಗ ಸಾಲಂಗಿಲ್ಲ, ಒಂದೇ ತರದವನ್ನ ಕೂಡಿಸಿ ಉತ್ತರ ಕೊಟ್ಟೇನಿ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮಾಸ್ತರ, ವಯಸ್ಸು 63. ನಾನೂ ನಮ್ಮ ಮನಿಯವರೂ ದಿನಾ ಬೆಳಿಗ್ಗೆ ಕೆಲಗೇರಿ ಕೆರಿ ತನಕ ಸೈಕಲ್ ಹೊಡಿತೀವಿ, ಗಾಡಿ ಶುರು ಆಗೋದ್ರಾಗ ತಿರುಗಿ ಮನಿಗೆ ಬರ್ತೀವಿ. ಮಗಳು ಲಿಯೋನ್‌ದಾಗ ಇದ್ದಾಳ, ಬರ್ರಿ ಬರ್ರಿ ಅಂತಾಳ. ಏರು ಹತ್ತೋದು ನಮ್ಮಿಂದ ಆಗಂಗಿಲ್ಲ, ಗಾಡಿ ನಡುವೆ ಹೊಡಿಯೋ ಧೈರ್ಯನೂ ಇಲ್ಲ. ನಮ್ಮಂಥವರಿಗೆ ಆಗೋ ದಾರಿ ಯಾವುದು, ಯಾವಾಗ ಹೋಗಬೇಕು?
— ಮಾಳಮಡ್ಡಿ, ಧಾರವಾಡ

ಉತ್ತರ: ಮಾಸ್ತರ, ಮಗಳು ಲಿಯೋನ್‌ದಾಗ ಇದ್ದಾಳಂದ್ರ ಅರ್ಧ ಕೆಲಸ ಆದಂಗ, ಯಾಕಂದ್ರ ನಾ ಹೇಳೋ ದಾರಿ ಅಲ್ಲಿಂದ ಲೋಕಲ್ ಟ್ರೇನಿನಾಗ ಒಂದೆರಡು ತಾಸಿನ ಹಾದಿ ಅಷ್ಟ.

ಮೊದಲ ಒಂದು ಮಾತು. ಅಲ್ಲಿಗೆ ಹೋಗೋ ಬಹಳಷ್ಟು ಮಂದಿ ವೈನಿನ ಹೆಸರು ನೋಡಿ ಊರು ಆರಿಸ್ತಾರ, ಆಮ್ಯಾಲೆ ಅಲ್ಲೆ ಸೈಕಲ್ ದಾರಿ ಹುಡುಕ್ತಾರ, ಹಂಗ ಮಾಡಿದ್ರ ದಿನಾ ಒಂದಷ್ಟು ಹೊತ್ತು ಕಾರಿನ ರೋಡಿನ್ಯಾಗ ಬೀಳೋದು ತಪ್ಪಂಗಿಲ್ಲ. ನೀವು ಉಲ್ಟಾ ಮಾಡ್ರಿ, ಮೊದಲ ದಾರಿ ಆರಿಸ್ರಿ. ದ್ರಾಕ್ಷಿ ಸೀಮಿಯಾಗ ಸದ್ದಿಲ್ಲದ ದಾರಿ ಅಂದ್ರ ಮೂರ: ಹಳಿ ಕಿತ್ತ ಹಳೇ ರೈಲಿನ ದಾರಿ, ಕಾಲುವಿ ದಂಡಿ, ಹೊಲಕ್ಕ ಹೋಗೋ ದಾರಿ. ಇವು ಮೂರನ್ನೂ ಒಂದಕ್ಕೊಂದು ಜೋಡಿಸಿದ ಊರುಗಳನ್ನ ಹಿಡಿರಿ, ದ್ರಾಕ್ಷಿ ತಾನಾಗೇ ಎರಡೂ ಕಡೆ ಬರ್ತೈತಿ.

ರೈಲಿನ ದಾರಿ ಯಾಕ ಚಲೋ ಅಂದ್ರ, ಉಗಿಬಂಡಿಗೆ ಚಡಾವು ಏರಾಕ ಆಗ್ತಿದ್ದಿಲ್ಲ. ಅದಕ್ಕ ಹಾಕಿದವರು ಗುಡ್ಡ ಕಡಿದು, ತಗ್ಗು ತುಂಬಿ, 100 ಮೀಟರ್ ಹೋದ್ರ ಎರಡು ಮೀಟರ್ ಏರೋದೂ ಅಪರೂಪ ಅನ್ನೋ ಹಂಗ ದಾರಿ ಮಾಡಿದ್ರು. ಬಂಡಿ ನಿಂತ ಮ್ಯಾಲೆ ಆ ಹಗುರ ದಾರಿ ಸೈಕಲಿನವರ ಪಾಲಿಗೆ ಬಂತು. ಕಾಲುವಿನೂ ಹಂಗ, ನೀರು ಸಪಾಟಾಗಿ ನಿಲ್ಲಬೇಕಲ್ಲ, ದೋಣಿ ಏರಿಸಿ ಇಳಿಸೋ ಲಾಕ್ ಗೇಟ್ ಇದ್ದಲ್ಲಿ ಒಂದು ಸಣ್ಣ ಏರು ಬಿಟ್ರ ಎಲ್ಲಾ ಸಮ. ಮೊಳಕಾಲು ನೋವಿನವರಿಗೂ ಇದು ಆಗ್ತೈತಿ.

ದಾರಿ ಹೇಳ್ತೀನಿ. ಲಿಯೋನ್‌ನಿಂದ ಟ್ರೇನಿನಾಗ ಬೋನ್ ಊರಿಗೆ ಬರ್ರಿ. ಅಲ್ಲೆ 1443ರಾಗ ಬಡವರಿಗಂತ ಕಟ್ಟಿಸಿದ ಆಸ್ಪತ್ರಿ ಐತಿ, ಬಣ್ಣ ಬಣ್ಣದ ಹೆಂಚಿನ ಮಾಳಗಿ, ಈಗ ಮ್ಯೂಸಿಯಂ ಆಗೇತಿ, ಆ ಆಸ್ಪತ್ರಿಗೆ ದಾನ ಬಂದ ದ್ರಾಕ್ಷಿ ಹೊಲದ ವೈನನ್ನ ಇವತ್ತಿಗೂ ಪ್ರತಿ ವರ್ಷ ನವೆಂಬರ್ ಮೂರನೇ ರವಿವಾರ ಹರಾಜು ಹಾಕ್ತಾರ, 1859ರಿಂದ ನಡೆದು ಬಂದ ಪದ್ಧತಿ. ಒಂದು ದಿನ ಅಲ್ಲೆ ಇದ್ದು ಸೈಕಲ್ ಬಾಡಗಿ ಹಿಡಿರಿ. ಮರುದಿನ ಬೋನ್‌ನಿಂದ ಸಾಂತ್ನೇ ತನಕ 22 ಕಿಲೋಮೀಟರ್, ಇದಕ್ಕ ವಾ ದೆ ವೀನ್ಯ ಅಂತಾರ, ಪೊಮಾರ್, ವೊಲ್ನೇ, ಮರ್ಸೋ, ಪ್ಯುಲಿನ್ಯಿ ಅಂತ ಒಂದಾದ ಮ್ಯಾಲೆ ಒಂದು ಸಣ್ಣ ಸಣ್ಣ ಊರು, ಊರಿಗೂ ಊರಿಗೂ ನಡುವೆ ಬರೇ ದ್ರಾಕ್ಷಿ, ಅಲ್ಲಲ್ಲಿ ಮೊಣಕಾಲೆತ್ತರದ ಕಲ್ಲಿನ ಗ್ವಾಡಿ. ಇಲ್ಲೆ ಮಾತ್ರ ಸಣ್ಣ ಸಣ್ಣ ಏರಿಳಿತ ಅದಾವ, ಇದು ರೈಲಿನ ದಾರಿ ಅಲ್ಲ, ಹೊಲದ ದಾರಿ. ಇಳಿದು ದಬ್ಬಿಕೊಂಡು ಹೋಗ್ರಿ, ಏನೂ ಅವಸರ ಇಲ್ಲ, 22 ಕಿಲೋಮೀಟರಿಗೆ ಇಡೀ ದಿನ ಐತಿ. ವಯಸ್ಸಾದವರು ಬ್ಯಾಟರಿ ಸೈಕಲ್ ತಗೊಂಡ್ರ ಅದೂ ಚಲೋ, ಆದ್ರ ಮುಂದಿನ ದಾರಿಗೆ ಅದು ಬೇಕಾಗಂಗಿಲ್ಲ.

ಸಾಂತ್ನೇ ದಾಟಿದ್ರ ಕನಾಲ್ ದು ಸಾಂತ್ರ್ ಅನ್ನೋ ಕಾಲುವಿ ಸಿಗ್ತೈತಿ, ಸೋನ್ ಹೊಳಿಯನ್ನೂ ಲ್ವಾರ್ ಹೊಳಿಯನ್ನೂ ಜೋಡಿಸೋ ಕಾಲುವಿ ಅದು. ಅದರ ದಂಡಿ ಹಿಡಿದು ಶಾನ್ಯಿ, ಅಲ್ಲಿಂದ ಶಾಲೋಂ. ಶಾಲೋಂ ಅಂದ್ರ ಫೋಟೋಗ್ರಫಿ ಕಂಡುಹಿಡಿದ ನಿಯೆಪ್ಸ್ ಹುಟ್ಟಿದ ಊರು, ಅವನ ಹೆಸರಿನ ಮ್ಯೂಸಿಯಂ ಹೊಳಿ ದಂಡಿ ಮ್ಯಾಲೇ ಐತಿ, ಮಾಸ್ತರರಾದ ನಿಮಗ ಅದು ಖಂಡಿತ ಸೇರ್ತೈತಿ, ಬಿಡಬ್ಯಾಡ್ರಿ. ಶಾಲೋಂ ಹತ್ತಿರದ ಜಿವ್ರಿ ಊರಿನಿಂದ ನಿಜವಾದ ರೈಲಿನ ದಾರಿ ಶುರು. ಜಿವ್ರಿಯಿಂದ ಕ್ಲುನಿಗೆ 44 ಕಿಲೋಮೀಟರ್. ಫ್ರಾನ್ಸಿನಾಗ ಹಳೇ ರೈಲಿನ ದಾರಿಯನ್ನ ಹಿಂಗ ನಡಿಯೋರಿಗೆ, ಸೈಕಲಿನವರಿಗೆ ಅಂತ ಮಾಡಿದ್ದು ಇಲ್ಲೇ ಮೊದಲು, 1997ರಾಗ. ಇಂಥ ದಾರಿಗೆ ವಾ ವೆರ್ತ್, ಅಂದ್ರ ಹಸಿರು ದಾರಿ ಅಂತಾರ, ಈಗ ದೇಶ ತುಂಬ ಅವು ಅದಾವ. ಹಳೇ ಸ್ಟೇಶನ್ ಕಟ್ಟಡಗಳು ದಾರಿ ಪಕ್ಕದಾಗ ಹಂಗ ನಿಂತಾವ. ಇದನ್ನ ಒಂದೇ ದಿನಕ್ಕ ಮುಗಿಸಬ್ಯಾಡ್ರಿ. ನಡುವೆ ಬುಸ್ಸಿ ಊರಿನಾಗ ಅಥವಾ ಅರಮನಿ ಇರೋ ಕೊರ್ಮಾತಾಂ ಊರಿನಾಗ ಒಂದು ರಾತ್ರಿ ಉಳೀರಿ.

ಕ್ಲುನಿಯಾಗ 910ರಾಗ ಶುರುವಾದ ಮಠ ಐತಿ. ರೋಮಿನ ಸೇಂಟ್ ಪೀಟರ್ಸ್ ಕಟ್ಟೋ ತನಕ ಕ್ರಿಶ್ಚಿಯನ್ ಜಗತ್ತಿನಾಗ ಇದೇ ಎಲ್ಲಾಕಿಂತ ದೊಡ್ಡ ಚರ್ಚು ಆಗಿತ್ತು, ಫ್ರೆಂಚ್ ಕ್ರಾಂತಿ ಆದ ಮ್ಯಾಲೆ ಕಲ್ಲಿಗಂತ ಒಡೆದು ಮಾರಿದ್ರು, ಈಗ ಸ್ವಲ್ಪೇ ಭಾಗ ಉಳದೈತಿ. ಕ್ಲುನಿಗೆ ಈಗ ರೈಲು ಇಲ್ಲ, ಹಂಗಾಗಿ ಇನ್ನೊಂದು 25 ಕಿಲೋಮೀಟರ್ ಆಸುಪಾಸು ಹೊಡೆದು ಮಾಕೋಂ ಮುಟ್ಟಬೇಕು, ಅಲ್ಲಿಂದ ಲಿಯೋನ್‌ಗೆ ಒಂದು ತಾಸಿನೊಳಗ ಟ್ರೇನು. ಈ ಕಡೀ ತುಂಡಿನಾಗ ಬ್ವಾ ಕ್ಲೇರ್ ಸುರಂಗ ಬರ್ತೈತಿ, 1.6 ಕಿಲೋಮೀಟರ್ ಉದ್ದ, ಬ್ಯಾಸಗಿಯಾಗೂ ಒಳಗ ತಂಪು, ಜಾಕೆಟ್ ಮ್ಯಾಲಿನ ಚೀಲದಾಗೇ ಇಟ್ಕೋರಿ. ಚಳಿಗಾಲದಾಗ ಬಾವಲಿಗಳು ಅಲ್ಲೆ ನಿದ್ದಿ ಹೊಡಿತಾವಂತ ಆ ಸುರಂಗನ್ನ ಮುಚ್ಚಿಬಿಡ್ತಾರ, ಆಗ ಗುಡ್ಡದ ಮ್ಯಾಲಿಂದ ಸುತ್ತು ಹಾಕಬೇಕು, ಅದು ಚಡಾವು. ನಿಮಗ ಬ್ಯಾಡ.

ಹಂಗಾಗಿ ಯಾವಾಗ ಅಂದ್ರ, ಮೇ ಮಧ್ಯದಿಂದ ಜೂನ್ ಕಡೀ ತನಕ, ಇಲ್ಲಂದ್ರ ಸೆಪ್ಟೆಂಬರ್. ಜೂನಿನಾಗ ರಾತ್ರಿ ಒಂಬತ್ತು ದಾಟಿದ್ರೂ ಬೆಳಕು ಇರ್ತೈತಿ. ಸೆಪ್ಟೆಂಬರಿನಾಗ ದ್ರಾಕ್ಷಿ ಕೊಯ್ಲು, ನೋಡಾಕ ಭಾಳ ಚಂದ, ಆದ್ರ ರೂಮು ಸಿಗೋದು ಕಷ್ಟ, ಹೊಲದ ದಾರಿಯಾಗ ಟ್ರ್ಯಾಕ್ಟರ್ ಓಡಾಟನೂ ಜಾಸ್ತಿ. ನನ್ನ ಕೇಳಿದ್ರ ನಿಮ್ಮಿಬ್ಬರಿಗೆ ಜೂನು. ಎಲ್ಲಾ ಕೂಡಿ 130 ಕಿಲೋಮೀಟರ್ ಆಸುಪಾಸು ಆಗ್ತೈತಿ, ದಿನಕ್ಕ 20-25 ಅಂತ ಹಿಡಿದು ಒಂದು ವಾರ ಇಟ್ಕೋರಿ. ಕೆಲಗೇರಿ ತನಕ ದಿನಾ ಹೊಡಿಯೋರಿಗೆ ಇದು ಹೆಚ್ಚಲ್ಲ.

ಪ್ರಶ್ನೆ: ನಾವು ಮೂರು ಮಂದಿ ಗೆಳತ್ಯಾರು, ಬ್ಯಾಂಕಿನಾಗ ಕೆಲಸ. ಇಲ್ಲೆ ಉಣಕಲ್ ದಾಟಿ ಸೈಕಲ್ ತಗೊಂಡು ಹೋಗಬೇಕಂದ್ರ ಬಸ್ಸು, ಲಾರಿ, ಟಂಟಂ ನಡುವೆ ಜೀವ ಕೈಯಾಗ ಹಿಡ್ಕೊಂಡಿರ್ತೀವಿ. ಫ್ರಾನ್ಸಿನಾಗ ನಿಜವಾಗ್ಲೂ ಒಂದೂ ಗಾಡಿ ಬರಂಗಿಲ್ಲಾ? ನಾವಷ್ಟೇ ಹೋದ್ರ ಸೇಫಾ? ರೂಲ್ಸ್ ಏನು?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅಕ್ಕಾರ, ಒಂದೂ ಬರಂಗಿಲ್ಲ ಅಂತ ಹೇಳಿದ್ರ ಸುಳ್ಳಾಗ್ತೈತಿ. ಮ್ಯಾಪಿನಾಗ ಸೈಕಲ್ ದಾರಿ ಅಂತ ತೋರಿಸೋದು ಎರಡು ತರ ಅದಾವ, ಆ ಫರಕ್ ತಿಳಿದು ಹೋಗ್ರಿ. ವಾ ವೆರ್ತ್ ಅಂದ್ರ ಮೋಟಾರ್ ಗಾಡಿಗೆ ಕಾಯ್ದೆ ಪ್ರಕಾರನೇ ಪ್ರವೇಶ ಇಲ್ಲ, ನೀಲಿ ಬೋರ್ಡಿನ ಮ್ಯಾಲೆ ನಡಿಯೋರು, ಸೈಕಲಿನವರ ಚಿತ್ರ ಇರ್ತೈತಿ. ವೆಲೋರೂತ್ ಅಂದ್ರ ಬೇರೆ, ಅದು ದೂರದ ಊರಿಗೆ ಬೋರ್ಡ್ ಹಾಕಿ ತೋರಿಸಿದ ದಾರಿ, ಅದರಾಗ ಸ್ವಲ್ಪ ವಾ ವೆರ್ತ್ ಇರ್ತೈತಿ, ಸ್ವಲ್ಪ ಕಡಿಮಿ ಗಾಡಿ ಓಡಾಡೋ ಹಳ್ಳಿ ರೋಡು ಇರ್ತೈತಿ. ಅಲ್ಸಾಸ್ ಸೀಮಿಯ ದ್ರಾಕ್ಷಿ ಹೊಲದ ವೆಲೋರೂತ್ ಭಾಳ ಹೆಸರಾದದ್ದು, 130 ಕಿಲೋಮೀಟರ್ ಆಸುಪಾಸು, ಕೊಲ್ಮಾರ್ ಸುತ್ತಮುತ್ತ ಊರುಗಳು ಬೊಂಬಿ ಜೋಡಿಸಿಟ್ಟಂಗ ಅದಾವ, ಆದ್ರ ಅದು ಗುಡ್ಡದ ಬುಡದ ದಾರಿ, ಏರಿಳಿತನೂ ಐತಿ, ನಡು ನಡುವೆ ಕಾರೂ ಬರ್ತಾವ. ಮೊದಲ ಸಲ ಹೋಗೋರಿಗೆ ನಾ ಅದನ್ನ ಹೇಳಂಗಿಲ್ಲ. ಮ್ಯಾಲೆ ಮಾಸ್ತರಿಗೆ ಹೇಳಿದ ದಾರಿನೇ ನಿಮಗೂ ಹೇಳ್ತೀನಿ.

ಅಲ್ಲೂ ಬೋನ್‌ನಿಂದ ಸಾಂತ್ನೇ ತುಂಡಿನಾಗ ರೈತರ ಗಾಡಿ ಬರ್ತಾವ. ಅದು ಅವರ ಹೊಲದ ದಾರಿ, ನಾವು ಅಲ್ಲೆ ಹೋಗಾಕ ಅವರು ಜಾಗ ಕೊಟ್ಟಾರ. ಟ್ರ್ಯಾಕ್ಟರ್ ಬಂದ್ರ ಬದಿಗೆ ಇಳಿದು ನಿಂತು ಕೈ ಎತ್ರಿ, ಅವರೂ ಕೈ ಎತ್ತತಾರ. ಮೇ ಜೂನಿನಾಗ ಬೆಳಿಗ್ಗೆ ಎಣ್ಣಿ ಹೊಡಿಯೋದು ಕಂಡ್ರ ಅವರು ಆ ಸಾಲು ದಾಟೋ ತನಕ ಗಾಳಿ ಎತ್ತಲಿಂದ ಬೀಸ್ತೈತೋ ಆ ಕಡಿಗೆ ಸರಿದು ದೂರ ನಿಲ್ರಿ, ನಡುವೆ ಹಾಯ್ದು ಹೋಗಬ್ಯಾಡ್ರಿ.

ಗಾಡಿ ರೋಡಿಗೆ ಬಂದಾಗ ನಮ್ಮವರು ತಪ್ಪೋದು ಎಲ್ಲೆ ಅಂದ್ರ, ಅಲ್ಲೆ ಬಲಗಡಿ ನಡಿಬೇಕು, ನಾವು ರೋಡ್ ದಾಟುವಾಗ ರೂಢಿ ಪ್ರಕಾರ ಬಲಕ್ಕ ನೋಡ್ತೀವಿ, ಗಾಡಿ ಎಡದಿಂದ ಬಂದಿರ್ತೈತಿ. ಇನ್ನೊಂದು, ಸಣ್ಣ ಊರೊಳಗ ಬೋರ್ಡ್ ಇಲ್ಲದ ಕೂಟಿನಾಗ ಬಲಗಡಿಯಿಂದ ಬರೋ ಗಾಡಿಗೆ ಮೊದಲ ಹಕ್ಕು, ಅದು ಸಣ್ಣ ಗಲ್ಲಿಯಿಂದ ಬಂದ್ರೂ ಸೈತ. ನಿಮ್ಮನ್ನ ಓವರ್‌ಟೇಕ್ ಮಾಡೋ ಕಾರು ಊರೊಳಗ ಒಂದು ಮೀಟರ್, ಊರ ಹೊರಗ ಒಂದೂವರಿ ಮೀಟರ್ ಜಾಗ ಬಿಡಬೇಕಂತ ಕಾಯ್ದೆ ಐತಿ. ಹೆಲ್ಮೆಟ್ 12 ವರ್ಷದೊಳಗಿನ ಮಕ್ಕಳಿಗೆ ಅಷ್ಟ ಕಡ್ಡಾಯ, ಆದ್ರ ನೀವು ಹಾಕ್ಕೋರಿ. ರಾತ್ರಿ ಅಥವಾ ಮಬ್ಬು ಇದ್ದಾಗ ಊರ ಹೊರಗ ಹೊಳಿಯೋ ಜಾಕೆಟ್ ಬೇಕೇ ಬೇಕು. ಲೈಟು, ಗಂಟಿ ಬೇಕು. ಕಿವ್ಯಾಗ ಇಯರ್‌ಫೋನ್ ಹಾಕ್ಕೊಂಡು ಸೈಕಲ್ ಹೊಡಿಯಂಗಿಲ್ಲ, ಅದಕ್ಕ ದಂಡ ಐತಿ. ವೈನ್ ಕುಡಿದ್ರ ಕಾರಿನವರಿಗೆ ಇರೋ ಮಿತಿನೇ ಸೈಕಲಿನವರಿಗೂ ಐತಿ, ಒಂದು ಲೀಟರ್ ರಕ್ತಕ್ಕ 0.5 ಗ್ರಾಂ.

ಮೂರು ಹೆಣ್ಣುಮಕ್ಕಳಷ್ಟೇ ಹೋಗೋದು ಅಲ್ಲೆ ಯಾರಿಗೂ ವಿಶೇಷ ಅನ್ನಸಂಗಿಲ್ಲ, ಒಬ್ಬೊಬ್ಬರೇ ಹೊಡಿಯೋ ಹೆಣ್ಣುಮಕ್ಕಳನ್ನ ನೀವೇ ದಾರಿಯಾಗ ನೋಡ್ತೀರಿ. ನಾ ಹೇಳೋ ಎಚ್ಚರಿಕಿ ಅಂದ್ರ ಸಣ್ಣ ಊರಿನ ಹೋಟೆಲು, ಮನಿ ರೂಮು ಸಂಜಿ ಆರೇಳಕ್ಕ ರಿಸೆಪ್ಶನ್ ಮುಚ್ಚಿಬಿಡ್ತಾವ, ಲೇಟ್ ಆಗ್ತೈತಂದ್ರ ಮೊದಲೇ ಫೋನ್ ಮಾಡ್ರಿ. ಸೈಕಲ್ ದಾರಿಯಿಂದ 5 ಕಿಲೋಮೀಟರಿನೊಳಗ ಇರೋ ರೂಮುಗಳಿಗೆ ಆಕ್ಯೋಯ್ ವೆಲೋ ಅನ್ನೋ ಗುರುತಿನ ಫಲಕ ಕೊಡ್ತಾರ, ಅಂಥಲ್ಲಿ ಸೈಕಲ್ ಬೀಗ ಹಾಕಿ ಇಡಾಕ ಜಾಗ, ರಿಪೇರಿ ಸಾಮಾನು ಇರ್ತಾವ. ಅಂಥವನ್ನೇ ಬುಕ್ ಮಾಡ್ರಿ. ತುರ್ತು ಇದ್ರ 112.

ಪ್ರಶ್ನೆ: ನಾ ಮೆಣಸಿನಕಾಯಿ, ಗೋವಿನಜೋಳ ಬೆಳೆಯೋ ರೈತ. ವಿಜಯಪುರದಾಗ ನಮ್ಮ ಬೀಗರ ದ್ರಾಕ್ಷಿ ಪಡ ನೋಡೇನಿ. ಫ್ರಾನ್ಸಿನಾಗ ಹೆಂಗ ಬೆಳೀತಾರ? ಸೈಕಲ್ ಮ್ಯಾಲೆ ಹೋಗುವಾಗ ಹೊಲಕ್ಕ ಇಳಿದು ನೋಡಬಹುದಾ?
— ಬ್ಯಾಡಗಿ ತಾಲೂಕು, ಹಾವೇರಿ ಜಿಲ್ಲೆ

ಉತ್ತರ: ಅಣ್ಣಾರ, ನೀವು ಕೇಳಿದ ಪ್ರಶ್ನಿ ನನಗ ಎಲ್ಲಾಕಿಂತ ಸೇರಿತು, ಯಾಕಂದ್ರ ಅಲ್ಲಿಗೆ ಹೋದ ನಮ್ಮವರು ಬರೇ ಬಾಟ್ಲಿ ಫೋಟೋ ತಕ್ಕೊಂಡು ಬರ್ತಾರ, ಹೊಲ ನೋಡಂಗಿಲ್ಲ. ಸೈಕಲ್ ಮ್ಯಾಲೆ ಕೂತ್ರ ಹೊಲ ಕಣ್ಣಿನ ಮುಂದೇ ಇರ್ತೈತಿ.

ವಿಜಯಪುರದಾಗ ನೀವು ನೋಡಿದ್ದು ತಲಿ ಮ್ಯಾಲೆ ಚಪ್ಪರ, ಇಲ್ಲಾ ವೈ ಆಕಾರದ ಕಂಬ, ಕೆಳಗ ನಾವು ನಿಂತು ಅಡ್ಡಾಡಬಹುದು. ಬರ್ಗಂಡಿಯಾಗ ಹಂಗಿಲ್ಲ. ಗಿಡ ನಿಮ್ಮ ಸೊಂಟಕ್ಕ, ಭಾಳಾದ್ರ ಎದಿಗೆ ಬರ್ತೈತಿ, ಗೊಂಚಲು ಮೊಣಕಾಲಿನ ಕೆಳಗ. ಸಾಲಿಂದ ಸಾಲಿಗೆ ಒಂದು ಮೀಟರ್, ಗಿಡದಿಂದ ಗಿಡಕ್ಕೂ ಒಂದು ಮೀಟರ್ ಆಸುಪಾಸು, ಅಂದ್ರ ಒಂದು ಹೆಕ್ಟೇರಿಗೆ 10,000 ಗಿಡ, ಎಕರೆಗೆ 4,000. ಅಷ್ಟು ಇಕ್ಕಟ್ಟಿನಾಗ ನಮ್ಮ ಟ್ರ್ಯಾಕ್ಟರ್ ಹೋಗಂಗಿಲ್ಲ, ಹಂಗಾಗಿ ಸಾಲಿನ ಮ್ಯಾಲೆ ಕಾಲು ಅಗಲಿಸಿ ನಿಂತು ನಡಿಯೋ ಎತ್ತರದ ಟ್ರ್ಯಾಕ್ಟರ್ ಮಾಡ್ಯಾರ, ಗಿಡ ಅದರ ಹೊಟ್ಟಿ ಕೆಳಗ ಹಾಯ್ದು ಹೋಗ್ತಾವ. ಅದನ್ನ ನೋಡಾಕ ನಿಂತು ಬಿಡ್ತೀರಿ ನೀವು. ಕೆಂಪು ವೈನಿಗೆ ಪಿನೋ ನ್ವಾರ್ ಅನ್ನೋ ಜಾತಿ, ಬಿಳಿ ವೈನಿಗೆ ಶಾರ್ಡೊನೇ, ಮುಖ್ಯವಾಗಿ ಇವೆರಡ. ನೀರು ಹಾಯಿಸಂಗಿಲ್ಲ, ಮಳಿ ಮ್ಯಾಲೇ ಬೆಳಿ. ಒಂದು ಗಿಡಕ್ಕ ಸ್ವಲ್ಪೇ ಗೊಂಚಲು ಬಿಡ್ತಾರ, ಹೆಚ್ಚು ಹಣ್ಣು ಬಂದ್ರ ರುಚಿ ನೀರಾಗ್ತೈತಿ ಅಂತ.

ನೀವು ಗಮನ ಕೊಡಬೇಕಾದ್ದು ಕಲ್ಲಿನ ಗ್ವಾಡಿ. ಅದರ ಆ ಕಡೆ ಈ ಕಡೆ ಒಂದೇ ಜಾತಿ ಗಿಡ, ಆದ್ರ ಮಣ್ಣು, ಇಳಕಲು, ಬಿಸಿಲು ಬ್ಯಾರೆ, ಹಂಗಾಗಿ ಹೆಸರು ಬ್ಯಾರೆ, ರೇಟು ಬ್ಯಾರೆ. ಇಂಥ ತುಂಡು ಆ ಸೀಮಿಯಾಗ 1,200ಕ್ಕೂ ಹೆಚ್ಚು ಅದಾವ, ಒಂದೊಂದಕ್ಕೂ ನೂರಾರು ವರ್ಷದ ಹೆಸರು ಐತಿ, 2015ರಾಗ ಯುನೆಸ್ಕೋ ಇವನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸೈತಿ. ಬೋನ್‌ನಿಂದ ಉತ್ತರಕ್ಕ ರೊಮಾನೇ ಕೋಂತಿ ಅಂತ ಒಂದು ತುಂಡು, ಜಗತ್ತಿನಾಗೇ ಭಾಳ ತುಟ್ಟಿ ವೈನು ಅದರಾಗಿಂದ ಬರ್ತೈತಿ, ಅದರ ಅಳತಿ ಕೇಳ್ರಿ, 1.8 ಹೆಕ್ಟೇರ್, ನಮ್ಮ ಲೆಕ್ಕದಾಗ ನಾಲ್ಕೂವರಿ ಎಕರೆ ಅಷ್ಟ. ನಾಲ್ಕೂವರಿ ಎಕರೆ ಇರೋ ರೈತರು ನಮ್ಮ ಕಡೆ ಎಷ್ಟು ಮಂದಿ ಅದಾರ. ಬೆಳಿಗೆ ಊರ ಹೆಸರು ಹತ್ತಿದ್ರ ಏನಾಗ್ತೈತಿ ಅನ್ನೋದು ನಿಮಗ ಗೊತ್ತಿದ್ದದ್ದ, ಬ್ಯಾಡಗಿ ಮೆಣಸಿನಕಾಯಿಗೂ ಜಿಐ ಟ್ಯಾಗ್ ಐತಿ, ಆದ್ರ ಅವರು ಊರ ಮಟ್ಟಕ್ಕ ನಿಂತಿಲ್ಲ, ಹೊಲದ ಮಟ್ಟಕ್ಕ ಇಳದಾರ. ಈ ವಿಷಯ ನಮ್ಮ ರೈತರು ಹೋಗಿ ಕಣ್ಣಿಂದ ನೋಡಿ ಬರಬೇಕು ಅಂತ ನನ್ನ ಆಸೆ.

ಇನ್ನೊಂದು ಸಂಬಂಧ ಹೇಳ್ತೀನಿ. 1860ರ ದಶಕದಾಗ ಅಮೆರಿಕಾದಿಂದ ಫಿಲಾಕ್ಸೆರಾ ಅನ್ನೋ ಹುಳ ಬಂದು ಬೇರು ಕಡಿದು ಫ್ರಾನ್ಸಿನ ದ್ರಾಕ್ಷಿ ಬಹುಪಾಲು ಒಣಗಿಸಿಬಿಡ್ತು. ಆಮ್ಯಾಲೆ ಆ ಹುಳ ತಡಕೊಳ್ಳೋ ಅಮೆರಿಕಾದ ಬೇರಿನ ಮ್ಯಾಲೆ ತಮ್ಮ ಕಡ್ಡಿ ಕಸಿ ಕಟ್ಟಿ ಉಳಿಸ್ಕೊಂಡ್ರು. ನಿಮ್ಮ ಬೀಗರನ್ನ ಕೇಳ್ರಿ, ಅವರ ಪಡದಾಗೂ ಡಾಗ್‌ರಿಜ್ ಬೇರಿನ ಮ್ಯಾಲೆ ಕಸಿ ಇರಬಹುದು. ನಮ್ಮಲ್ಲಿ ಅದನ್ನ ಉಪ್ಪು ನೀರಿಗೆ, ಬರಕ್ಕ ತಡೀತೈತಿ ಅಂತ ಹಾಕ್ತಾರ, ಅದೂ ಅಮೆರಿಕಾದ ಬೇರ.

ಇಳಿದು ನೋಡೋ ವಿಷಯ: ದಾರಿ ಮ್ಯಾಲೆ ನಿಂತು ಎಷ್ಟು ಬೇಕಾದ್ರೂ ನೋಡ್ರಿ, ಸಾಲಿನೊಳಗ ಕೇಳದ ಕಾಲಿಡಬ್ಯಾಡ್ರಿ, ಒಂದು ಹಣ್ಣನ್ನೂ ಹರೀಬ್ಯಾಡ್ರಿ. ಹೊಲದಾಗ ಮಂದಿ ಇದ್ರ ಬೋಂಜೂರ್ ಅಂದು, ಮೊಬೈಲಿನಾಗ ಟ್ರಾನ್ಸ್‌ಲೇಟ್ ಮಾಡಿ ನಾನೂ ರೈತ ಅಂತ ತೋರಿಸ್ರಿ. ಬಹಳಷ್ಟು ಮಂದಿ ಖುಷಿಯಿಂದ ಕರೀತಾರ. ಬೋಂಜೂರ್ ಅನ್ನದ ಮಾತು ಶುರು ಮಾಡಿದ್ರ ಮಾತ್ರ ಅಲ್ಲಿಯವರಿಗೆ ಬ್ಯಾಸರ ಆಗ್ತೈತಿ.

ಪ್ರಶ್ನೆ: ನಾ ಇಂಜಿನಿಯರಿಂಗ್ ಓದಾಕತ್ತೇನಿ, ಮುಂದಿನ ವರ್ಷ ಎಕ್ಸ್‌ಚೇಂಜ್ ಮ್ಯಾಲೆ ತುಲೂಸ್‌ಗೆ ಹೋಗೋ ಚಾನ್ಸ್ ಐತಿ. ರೊಕ್ಕ ಕಡಿಮಿ. ನನ್ನ ಸೈಕಲ್ ಇಲ್ಲಿಂದ ಒಯ್ಯಲಾ? ಕನಾಲ್ ದು ಮಿದಿ ಇಲ್ಲಾ ಲ್ವಾರ್, ಯಾವುದು ಚಲೋ?
— ಬೆಟಗೇರಿ, ಗದಗ

ಉತ್ತರ: ತಮ್ಮಾ, ಸೈಕಲ್ ಒಯ್ಯಬ್ಯಾಡ. ಏರ್‌ಲೈನ್ ಚಾರ್ಜು, ಬಾಕ್ಸು, ಬಿಚ್ಚಿ ಜೋಡಿಸೋದು ಎಲ್ಲಾ ನೋಡಿದ್ರ ಓದಾಕ ಹೋಗೋನಿಗೆ ಅಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಳ್ಳೋದು ಅಗ್ಗ. ಬಾಡಗಿ ಆದ್ರ ದಿನಕ್ಕ ಸುಮಾರು 20 ಯುರೋ ಮ್ಯಾಲೆ ಹಿಡಿ, ವಾರಕ್ಕ ಹಿಡಿದ್ರ ಕಡಿಮಿ ಮಾಡ್ತಾರ. ಊರ ಪಂಚಾಯ್ತಿಯವರೇ ನಡಿಸೋ ಕ್ಯಾಂಪಿಂಗ್ ಜಾಗ ಅಲ್ಲೆ ಊರೂರಿಗೆ ಅದಾವ, ಸಣ್ಣ ಟೆಂಟ್ ಇದ್ರ ರೂಮಿನ ರೊಕ್ಕದಾಗ ದೊಡ್ಡ ಪಾಲು ಉಳೀತೈತಿ. ಲೋಕಲ್ ಟ್ರೇನ್, ಟಿಇಆರ್ ಅಂತಾರ, ಬಹಳ ಕಡೆ ಸೈಕಲಿಗೆ ರೊಕ್ಕ ಇಲ್ಲ, ಬ್ಯಾಸಗಿಯಾಗ ಕೆಲವು ಕಡೆ ಬುಕ್ ಮಾಡಬೇಕು. ಟಿಜಿವಿ ಫಾಸ್ಟ್ ಟ್ರೇನಿನಾಗ ಮಾತ್ರ ಮೊದಲೇ ನೋಡ್ಕೊಂಡು ಹತ್ತು.

ತುಲೂಸ್‌ದಾಗ ಇರೋನಾದ್ರ ಕನಾಲ್ ದು ಮಿದಿ ಬಾಗಲದಾಗೇ ಐತಿ. ತುಲೂಸ್‌ನಿಂದ ಸಮುದ್ರದ ದಂಡಿ ಸೆತ್ ತನಕ 240 ಕಿಲೋಮೀಟರ್. ಪಿಯರ್ ಪೋಲ್ ರಿಕೆ ಅನ್ನೋವ 1666ರಾಗ ಶುರು ಮಾಡಿ, ತನ್ನ ಆಸ್ತಿ ಎಲ್ಲಾ ಹಾಕಿ, 1681ರಾಗ ಕಾಲುವಿ ತೆರೆಯೋಕಿಂತ ಕೆಲವು ತಿಂಗಳು ಮೊದಲ ತೀರ್ಕೊಂಡ. ಇಂಜಿನಿಯರಿಂಗ್ ಓದೋವ ನೀನು, ನೋರೂಜ಼್ ಅನ್ನೋ ಜಾಗಕ್ಕ ಹೋಗಿ ನಿಂತು ನೋಡು, ಕಾಲುವಿಯ ಎಲ್ಲಾಕಿಂತ ಎತ್ತರದ ಜಾಗ ಅದು, ಗುಡ್ಡದ ಹಳ್ಳದ ನೀರನ್ನ ಅಷ್ಟು ದೂರದಿಂದ ಅಲ್ಲಿಗೆ ತಂದು ಎರಡೂ ಕಡಿಗೆ ಹಂಚ್ಯಾರ, ಎಲ್ಲಾ ಇಳಕಲಿನ ಲೆಕ್ಕದ ಮ್ಯಾಲೆ, ಮೋಟಾರ್ ಪಂಪಿಲ್ಲದ ಕಾಲದಾಗ. ತುಲೂಸ್ ಕಡೀ ದಾರಿ ಡಾಂಬರು, ಮುಂದ ಮಣ್ಣಿನ ದಾರಿ, ಗಿಡದ ಬೇರು ಎದ್ದಿರ್ತಾವ, ಸಣ್ಣ ಟೈರಿನ ರೇಸ್ ಸೈಕಲ್ ಉಪಯೋಗಿಲ್ಲ, ದಪ್ಪ ಟೈರ್ ಬೇಕು. ದ್ರಾಕ್ಷಿ ಹೊಲ ಸಿಗೋದೂ ಆ ಮುಂದಿನ ಭಾಗದಾಗೇ. ಒಂದು ಸಂಕಟದ ವಿಷಯ ಅಂದ್ರ ಕಾಲುವಿ ಎರಡೂ ದಂಡಿಗೆ ಇದ್ದ ಪ್ಲೇನ್ ಅನ್ನೋ ಜಾತಿಯ ಹಳೇ ಮರಗಳಿಗೆ ರೋಗ ಬಿದ್ದು ಸಾವಿರಾರು ಮರ ಕಡೀಬೇಕಾತು, ಹೊಸಾ ಸಸಿ ಹಚ್ಚ್ಯಾರ, ಆದ್ರ ನೆರಳು ಬರಾಕ ಇನ್ನೂ ವರ್ಷಗಟ್ಟಲೆ ಬೇಕು. ಜುಲೈ ಆಗಸ್ಟಿನಾಗ ಆ ಬಿಸಿಲಿಗೆ ಹೋಗಬ್ಯಾಡ.

ಲ್ವಾರ್ ದಾರಿ ಸುಮಾರು 900 ಕಿಲೋಮೀಟರ್, ಸಮುದ್ರದ ತನಕ ಬೋರ್ಡ್ ಹಾಕಿ ಇಟ್ಟಾರ. ಪೂರ್ತಿ ಮಾಡಬೇಕಂತಿಲ್ಲ, ತೂರ್ ಊರಿಗೂ ಸೋಮ್ಯುರ್ ಊರಿಗೂ ನಡುವಿನ ತುಂಡು ತಗೋ, ಹೊಳಿ, ಅರಮನಿ, ದ್ರಾಕ್ಷಿ, ಬಿಳಿ ಮೆತ್ತನ ಕಲ್ಲಿನ ಗುಡ್ಡ ಕೊರೆದು ಮಾಡಿದ ಮನಿ, ವೈನ್ ಇಡೋ ಗವಿ ಎಲ್ಲಾ ಅದರಾಗೇ ಬರ್ತಾವ. ಅಲ್ಲೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸ್ತೈತಿ, ಹಂಗಾಗಿ ಸಮುದ್ರದ ಕಡಿಯಿಂದ ಮ್ಯಾಲಕ್ಕ ಹೊಡಿಯೋದು ಹಗುರ. ಕಪ್ಪತಗುಡ್ಡದ ಗಾಳಿಗೆ ಎದುರು ಸೈಕಲ್ ಹೊಡೆದ ಗದಗಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ರವಿವಾರ ಒಂದ ದಿನ ಬಿಡುವಿದ್ರ ಟ್ರೇನಿಗೆ ಬೋರ್ಡೋಕ್ಕ ಹೋಗಿ ರೋಜೆ ಲಪೆಬಿ ದಾರಿ ಹಿಡಿ. ಹಳೇ ರೈಲಿನ ದಾರಿ, ಬೋರ್ಡೋದಿಂದ ಕ್ರೆಯೋಂ ಮ್ಯಾಲೆ ಹಾಯ್ದು ಸೋವ್‌ತೇರ್ ತನಕ 55 ಕಿಲೋಮೀಟರ್ ಆಸುಪಾಸು, ದ್ರಾಕ್ಷಿ ಹೊಲ, ಕಾಡು, ಒಂದು ಸುರಂಗ. ಲಪೆಬಿ ಅಂದ್ರ 1937ರ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದವ, ಆ ರೇಸಿನಾಗ ಗೇರ್ ಬದಲಿಸೋ ಡಿರೇಲರಿಗೆ ಒಪ್ಪಿಗಿ ಸಿಕ್ಕಿದ್ದೂ ಅದೇ ವರ್ಷ. ವಯಸ್ಸಿನ ಹುಡುಗ ನೀನು, ಕ್ರೆಯೋಂದಾಗ ಊಟ ಮಾಡಿ ಸಂಜಿಗೆ ವಾಪಸ್ ಬರಬಹುದು.

ಪ್ರಶ್ನೆ: ನಾವು ಪೂರಾ ಸಸ್ಯಾಹಾರಿ, ತತ್ತಿನೂ ಇಲ್ಲ, ವೈನ್ ಮುಟ್ಟಂಗಿಲ್ಲ. ದ್ರಾಕ್ಷಿ ಸೀಮಿಗೆ ಹೋಗಿ ನಾವೇನು ಮಾಡೋದು, ಏನ್ ತಿನ್ನೋದು?
— ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ವೈನ್ ಕುಡಿಯೋದು ಬಿಡೋದು ನಿಮಗ ಬಿಟ್ಟದ್ದು ಅಕ್ಕಾರ, ಯಾರೂ ಒತ್ತಾಯ ಮಾಡಂಗಿಲ್ಲ. ರುಚಿ ನೋಡಾಕ ಬಂದವರು ಬಾಯಾಗ ಹಾಕ್ಕೊಂಡು ಅಲ್ಲೇ ಇಟ್ಟ ಪಾತ್ರಿಗೆ ಉಗುಳೋದೂ ಅಲ್ಲಿಯ ಪದ್ಧತಿನೇ. ಬಹಳ ಕಡೆ ದ್ರಾಕ್ಷಿ ಜ್ಯೂಸ್ ಸಿಗ್ತೈತಿ.

ಊಟದ ವಿಷಯದಾಗ ಮಾತ್ರ ತಯಾರಿ ಬೇಕು. ಸಾದಾ ಬಾಗೆತ್ ಬ್ರೆಡ್ ನಿಮಗ ನಡಿತೈತಿ, ಹಿಟ್ಟು, ನೀರು, ಉಪ್ಪು, ಈಸ್ಟ್ ಅಷ್ಟ. ಕ್ರ್ವಾಸಾಂ ಮ್ಯಾಲೆ ತತ್ತಿ ಸವರಿರ್ತಾರ. ಚೀಸ್ ಹಾಲಿಂದ ಆದ್ರೂ ಅಲ್ಲಿಯ ಹಳೇ ಚೀಸಿಗೆ ಕರುವಿನ ಹೊಟ್ಟಿಯಿಂದ ತೆಗೆದ ಹೆಪ್ಪು ಹಾಕ್ತಾರ, ಕೋಂತೆ ಚೀಸಿಗೆ ಅದೇ ಕಡ್ಡಾಯ, ಇದು ಗೊತ್ತಿಲ್ಲದ ನಮ್ಮವರು ಬಹಳ ಮಂದಿ ತಿಂದಿರ್ತಾರ. ಹಣ್ಣು, ಟೊಮೆಟೊ, ಬೆಣ್ಣಿ, ಡಬ್ಬಿಯಾಗಿನ ಕಡ್ಲಿ ಎಲ್ಲಾ ಸೂಪರ್ ಮಾರ್ಕೆಟಿನಾಗ ಸಿಗ್ತಾವ. ಅಡಗಿ ಮನಿ ಇರೋ ರೂಮು ಬುಕ್ ಮಾಡ್ರಿ, ಸಂಜಿಗೆ ಅನ್ನ ಮಾಡ್ಕೊಳ್ಳಿಕ್ಕೆ ಆಗ್ತೈತಿ. ಇಲ್ಲಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಹಚ್ಚಿದ ಅವಲಕ್ಕಿ ಒಯ್ರಿ, ಸೈಕಲ್ ಮ್ಯಾಲೆ ಇದಕ್ಕಿಂತ ಹಗುರ ಊಟ ಇಲ್ಲ, ಕೆಡಂಗೂ ಇಲ್ಲ. ರೊಟ್ಟಿ ಪುಡಿ ಆಗದಂಗ ಸ್ಟೀಲ್ ಡಬ್ಬಿಯಾಗ ಇಟ್ಕೋರಿ. ತುಪ್ಪ, ಖೋವಾ, ಮನೀ ಬೆಣ್ಣಿ ಒಯ್ಯಬ್ಯಾಡ್ರಿ, ಹೊರಗಿನ ದೇಶದಿಂದ ಹಾಲಿನ ಪದಾರ್ಥ ತರಾಕ ಯುರೋಪಿನ ಕಸ್ಟಮ್ಸ್ ಬಿಡಂಗಿಲ್ಲ. ಹಸೀ ಹಣ್ಣು ತರಕಾರಿನೂ ಬ್ಯಾಡ.

ಹೊತ್ತು ನೋಡಿ ನಡೀರಿ: ಮಧ್ಯಾಹ್ನ 12ರಿಂದ 2 ಊಟ, ಎರಡು ದಾಟಿದ್ರ ಹಳ್ಳಿ ಹೋಟೆಲಿನಾಗ ಒಲಿ ಆರಿರ್ತೈತಿ. ರವಿವಾರ ಮಧ್ಯಾಹ್ನದ ಮ್ಯಾಲೆ, ಸೋಮವಾರ ಬಹಳಷ್ಟು ಅಂಗಡಿ ಬಂದ್, ಶನಿವಾರನೇ ಸಾಮಾನು ತಗೋರಿ. ನೀರಿಗೆ ತಾಪತ್ರಯ ಆದ್ರ ಊರ ಸ್ಮಶಾನ ಹುಡುಕ್ರಿ, ಗೋರಿ ಮ್ಯಾಲಿನ ಹೂವಿಗೆ ನೀರು ಹಾಕಾಕ ಅಲ್ಲೆ ನಳ ಇರ್ತೈತಿ, ಸೈಕಲಿನವರೆಲ್ಲಾ ಅಲ್ಲೇ ಬಾಟ್ಲಿ ತುಂಬಿಸ್ಕೋತಾರ. ನೋಂ ಪೊತಾಬ್ಲ ಅಂತ ಬರೆದಿದ್ರ ಕುಡೀಬ್ಯಾಡ್ರಿ.

ಪ್ರಶ್ನೆ: ಫ್ರಾನ್ಸ್ ದೂರ ಆತು. ನಮ್ಮ ಕಡೆ ಇಂಥ ದಾರಿ ಯಾಕಿಲ್ಲ?
— ನವಲಗುಂದ

ಉತ್ತರ: ಇಲ್ಲ ಅಂತ ನಾ ಒಪ್ಪಂಗಿಲ್ಲ. ನೀವು ನವಲಗುಂದದವರು, ಮಲಪ್ರಭಾ ಬಲದಂಡಿ ಕಾಲುವಿ ನಿಮ್ಮ ಸೀಮಿಯಾಗೇ ಹಾದು ಹೋಗೇತಿ, ನವಿಲುತೀರ್ಥದ ಡ್ಯಾಮಿನಿಂದ ನೀರು ಹರಿದು ಬರೋ ದಾರಿ, ಅದರ ಪಕ್ಕ ಸರ್ವಿಸ್ ರೋಡ್ ಅಂತ ಇರ್ತೈತಿ, ಸಪಾಟು ನೆಲ, ಎರಡೂ ಕಡೆ ಎರಿ ಹೊಲ. ಫ್ರಾನ್ಸಿನವರು ಹೊಸಾ ದಾರಿ ಏನೂ ಕಡಿದಿಲ್ಲ, ಇದ್ದ ಕಾಲುವಿ ದಂಡಿ ಸಮ ಮಾಡಿ, ಗಾಡಿ ನುಗ್ಗದಂಗ ಕಂಬ ನೆಟ್ಟು, ಊರಿಗೆ ಎಷ್ಟು ದೂರ ಅಂತ ಬೋರ್ಡ್ ಹಾಕಿದ್ರು. ಕಾಲುವಿ ದಂಡಿ ನಮ್ಮಲ್ಲೂ ಐತಿ, ಬೇಕಾದ್ದು ಮನಸ್ಸು. ಗ್ರಾಮಸಭೆಯಾಗ ಕೇಳ್ರಿ, ನೀರಾವರಿ ಇಲಾಖೆಗೆ ಬರೀರಿ, ಹತ್ತು ಕಿಲೋಮೀಟರ್ ಆದ್ರೂ ಮಾಡಿ ಅಂತ. ಸಾಲಿಗೆ ಸೈಕಲ್ ಮ್ಯಾಲೆ ಹೋಗೋ ನಮ್ಮ ಮಕ್ಕಳಿಗೆ ಅದು ಮೊದಲು ಬೇಕು, ಟೂರಿಂಗ್ ಆಮ್ಯಾಲೆ.

ಅಲ್ಲಿ ತನಕ, ಗದಗ ಕಡೆ ಹೋದ್ರ ಲಕ್ಕುಂಡಿಗೆ ಹೈವೇ ಮ್ಯಾಲೆ ಹೋಗೋ ಬದಲಿ ಡಂಬಳದ ಕಡಿಗೆ ಹೋಗ್ರಿ, ದೊಡ್ಡಬಸಪ್ಪನ ಗುಡಿ ಐತಿ, ಒಂದು ಕಡೆ ಕಪ್ಪತಗುಡ್ಡ ಕಾಣ್ತಿರ್ತೈತಿ, ಬೆಳಿಗ್ಗೆ ಆರಕ್ಕ ಹೊಂಟ್ರ ಗಾಡಿ ಕಡಿಮಿ. ಮಳಿಗಾಲದಾಗ ಎರಿ ಮಣ್ಣಿನ ದಾರಿಗೆ ಇಳೀಬ್ಯಾಡ್ರಿ, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಸೈಕಲ್ ಹೊತ್ತುಕೊಂಡು ಬರಬೇಕಾಗ್ತೈತಿ. ನವೆಂಬರಿನಿಂದ ಫೆಬ್ರವರಿ ಚಲೋ, ಬಿಳಿಜೋಳ, ಕಡ್ಲಿ, ಕುಸುಬಿ ಹೊಲ ತುಂಬಿರ್ತಾವ.

ಪ್ರಶ್ನೆ: ವೀಸಾ ಎಷ್ಟು ದಿನ ಮುಂಚೆ ಹಾಕಬೇಕು?
— ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಶೆಂಗೆನ್ ಟೂರಿಸ್ಟ್ ವೀಸಾ ಬೇಕು, ಬೆಂಗಳೂರಿಗೆ ಹೋಗಿ ಅರ್ಜಿ, ಬೆರಳಚ್ಚು ಕೊಟ್ಟು ಬರಬೇಕು. ಪ್ರಯಾಣಕ್ಕ 6 ತಿಂಗಳು ಮುಂಚಿಯಿಂದ ಹಾಕಬಹುದು, ಕಡೀಪಕ್ಷ 15 ದಿನ ಮುಂಚೆ, ಆದ್ರ ಬ್ಯಾಸಗಿಗೆ ಹೋಗೋರು ಅಪಾಯಿಂಟ್‌ಮೆಂಟ್ ಸಿಗದ ಒದ್ದಾಡ್ತಾರ, ಎರಡು ಮೂರು ತಿಂಗಳು ಮುಂಚೆನೇ ಹಾಕ್ರಿ. ಕಡಿಮಿ ಅಂದ್ರೂ 30,000 ಯುರೋದ ಟ್ರಾವೆಲ್ ಇನ್ಶೂರೆನ್ಸ್ ಬೇಕು, ಅದರಾಗ ಸೈಕಲ್ ಮ್ಯಾಲಿಂದ ಬಿದ್ರೂ ಖರ್ಚು ಕೊಡ್ತಾರಾ ಅಂತ ಓದಿ ನೋಡಿ ತಗೋರಿ. ರೂಮ್ ಬುಕಿಂಗ್ ಪ್ರತಿ ರಾತ್ರಿದೂ ಕೇಳ್ತಾರ, ಸೈಕಲಿನವರು ದಿನಾ ಊರು ಬದಲಿಸ್ತೀವಲ್ಲ, ಹಂಗಾಗಿ ಯಾವ ದಿನ ಯಾವ ಊರು ಅಂತ ಒಂದು ಹಾಳಿ ಮ್ಯಾಲೆ ಬರೆದು ಬುಕಿಂಗ್ ಜೊತಿಗೆ ಲಗತ್ತಿಸ್ರಿ.